ನಮ್ಮ ನಡುವೆ ಹಾಕಿದ ಗುಡಾರ



ಕ್ರಿಸ್ತಜಯಂತಿಯ ಹಗಲಿನ ಬಲಿಪೂಜೆಯಲ್ಲಿ ನಾವು ಕೇಳುವುದು ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯ. ಅದರಲ್ಲಿ ಕುರುಬರಿಲ್ಲ, ಗೋದಲಿಯಿಲ್ಲ. ಮಕ್ಕಳಿಗೆ ಸ್ವಲ್ಪ ಬೇಸರವೇ. ಆದರೆ ಹದಿನಾಲ್ಕನೆಯ ವಚನದಲ್ಲಿ, ದೇವರು ನಮ್ಮ ನಡುವೆ ನೆಲೆಸಿದರು ಎನ್ನುವಲ್ಲಿ, ಗ್ರೀಕ್ ಮೂಲದ ಪದಕ್ಕೆ ಗುಡಾರ ಹಾಕಿದರು ಎಂದೇ ಅರ್ಥ. ಮರುಭೂಮಿಯಲ್ಲಿ ಇಸ್ರಯೇಲರು ಗುಡಾರಗಳಲ್ಲಿದ್ದಾಗ ದೇವರ ಗುಡಾರವೂ ಅವರ ಜೊತೆಗಿತ್ತಲ್ಲ, ಅದರ ನೆನಪು ಈ ಪದದಲ್ಲಿದೆ.

ಗುಡಾರದ ಗೋಡೆ ಬಟ್ಟೆಯದು. ಪಕ್ಕದವರ ಮಗು ಕೆಮ್ಮಿದರೆ ನಮಗೆ ಕೇಳುತ್ತದೆ. ನಮ್ಮ ಕುಟುಂಬವೊಂದು ಬೇಸಿಗೆ ರಜೆಯಲ್ಲಿ ಕಾರಿನ ಹಿಂದೆ ಪುಟ್ಟ ಟ್ರೇಲರ್ ಕಟ್ಟಿಕೊಂಡು ಜಲಾಶಯವೊಂದರ ಹಿನ್ನೀರಿನ ಬಳಿ ಎರಡು ರಾತ್ರಿ ಟೆಂಟಿನಲ್ಲಿದ್ದು ಬಂದಿತು. ಬೆಂಕಿಪೊಟ್ಟಣ ಮರೆತಿದ್ದರಂತೆ. ಪಕ್ಕದ ಟೆಂಟಿನವರು ಬೆಂಕಿಯನ್ನಷ್ಟೇ ಅಲ್ಲ, ಬಿಸಿ ಅನ್ನ ಸಾರನ್ನೂ ಕೊಟ್ಟರಂತೆ. "ಫಾದರ್, ಅರ್ಧ ಗಂಟೆಯಲ್ಲಿ ಅವರ ಮನೆಯವರ ಹೆಸರೆಲ್ಲ ಗೊತ್ತಾಯಿತು. ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಹೆಸರು ನಾಲ್ಕು ವರ್ಷವಾದರೂ ಗೊತ್ತಿಲ್ಲ" ಎಂದರು ಆ ತಾಯಿ. ನಗುತ್ತಲೇ ಹೇಳಿದರು, ಆದರೆ ನಗುವ ವಿಷಯವಲ್ಲ.

ಕೆರೆಯ ದಡದಲ್ಲಿ ರಾತ್ರಿ ಕಳೆಯಲು ಅಷ್ಟು ದೂರ ಹೋಗಬೇಕೇ? ಬೆಂಗಳೂರಿನ ಎರಡನೆಯ ದೊಡ್ಡ ಕೆರೆ ನಮ್ಮ ವರ್ತೂರಿನಲ್ಲೇ ಇದೆ. ಅದರ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂದು ದ್ವಿಚಕ್ರ ವಾಹನದವರ ಮುಖಕ್ಕೆ ಬಡಿಯುತ್ತಿದ್ದುದನ್ನು ನೀವು ಮರೆತಿರಲಾರಿರಿ. ಶುದ್ಧಿಯಾಗದ ಚರಂಡಿ ನೀರು, ಬಟ್ಟೆ ಒಗೆದ ಸೋಪಿನ ನೀರು ಬೆಳ್ಳಂದೂರು ಕೆರೆಯಿಂದ ಇಳಿದು ಬಂದು, ಕೋಡಿಯಲ್ಲಿ ಧುಮುಕಿ ನೊರೆಯಾಗುತ್ತಿತ್ತು. ಮೇಲಿನವರಿಗೆ ಕೆಳಗಿನವರ ಪರಿಚಯವಿಲ್ಲ. ನಮ್ಮ ಕೆರೆಯಿಂದ ದಕ್ಷಿಣ ಪಿನಾಕಿನಿಯತ್ತ ಹರಿಯುವ ನೀರು ಯಾರ ಹೊಲಕ್ಕೆ ಹೋಗುತ್ತದೆಂದು ನಾವು ಕೇಳಿದ್ದೇವೆಯೇ?

ಹಾಗೆಂದು ನಮ್ಮೂರಿನಲ್ಲಿ ಗುಡಾರಗಳೇ ಇಲ್ಲವೆನ್ನಬೇಡಿ. ಕಟ್ಟಡಗಳ ಪಕ್ಕದ ಖಾಲಿ ಜಾಗಗಳಲ್ಲಿ ನೀಲಿ ಟಾರ್ಪಾಲಿನ, ತಗಡಿನ ಶೆಡ್ಡುಗಳಿವೆ. ರಾಯಚೂರು, ಯಾದಗಿರಿಯಿಂದ, ಬಂಗಾಳ, ಒಡಿಶಾದಿಂದ ಬಂದವರು ಅಲ್ಲಿದ್ದಾರೆ. ನಾವು ದುಡ್ಡು ಕೊಟ್ಟು ಎರಡು ರಾತ್ರಿ ಮಲಗುವ ಟೆಂಟು ಅವರಿಗೆ ವರ್ಷಪೂರ್ತಿ ಮನೆ. ನಮ್ಮ ಫ್ಲಾಟಿನ ಗೋಡೆ ಕಟ್ಟಿದ ಕೈಗಳು ಅವರವೇ. 2020ರ ಲಾಕ್‌ಡೌನ್‌ನಲ್ಲಿ ಇಂಥವರು ಗಂಟುಮೂಟೆ ಹೊತ್ತು ನಡೆದೇ ಊರಿಗೆ ಹೊರಟಾಗ, ಇಷ್ಟು ಜನ ನಮ್ಮ ನೆರೆಯಲ್ಲಿದ್ದರೇ ಎಂದು ನಾವು ಬೆರಗಾದೆವು!

ಗುಡಾರದಲ್ಲಿ ಬಂದ ದೇವರನ್ನು ಇಂದು ಗೋದಲಿಯಲ್ಲಿ ನಮಸ್ಕರಿಸಿದ್ದೇವೆ. ಸಂಜೆ ಕಜ್ಜಾಯ, ಕಲ್ಕಲ್ ಹಂಚಲು ಹೊರಡುತ್ತೀರಿ. ಬಂಧುಗಳ ಮನೆಗೆ ನಾಳೆ ಹೋದರೂ ಆದೀತು. ಇವತ್ತು ಮಕ್ಕಳನ್ನು ಕರೆದುಕೊಂಡು ಆ ಶೆಡ್ಡುಗಳ ಕಡೆ ಹೋಗಿ. ತಟ್ಟೆ ಕೊಟ್ಟು ಗೇಟಿನಿಂದಲೇ ತಿರುಗಬೇಡಿ. ಕುಳಿತುಕೊಳ್ಳಿ, ಹೆಸರು ಕೇಳಿ. ಅವರು ಚಹಾ ಕೊಟ್ಟರೆ ಬೇಡವೆನ್ನದೆ ಕುಡಿಯಿರಿ.