ಋತುಬಂಧ ಕಾಲದ ಎಸ್ಟ್ರೋಜೆನ್: ಚರ್ಮವು ಹೀರಿಕೊಳ್ಳುವುದೆಷ್ಟು?



ಭಾರತೀಯ ಮಹಿಳೆಯರಲ್ಲಿ ಋತುಸ್ರಾವವು ಸರಾಸರಿ 46–47ನೆಯ ವಯಸ್ಸಿನಲ್ಲಿ ನಿಲ್ಲುತ್ತದೆ. ಅಂಡಾಶಯಗಳಲ್ಲಿ ಎಸ್ಟ್ರೋಜೆನ್ ಹಾರ್ಮೋನಿನ ಉತ್ಪತ್ತಿ ಕುಗ್ಗಿದಂತೆ ಮೈ ಥಟ್ಟನೆ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ರೆ ಕೆಡುವುದು ಮುಂತಾದ ತೊಂದರೆಗಳು ತಲೆದೋರುತ್ತವೆ. "ವಯಸ್ಸಾಯಿತು" ಎಂಬ ಒಂದೇ ಮಾತಿನಿಂದ ಇವನ್ನು ತಳ್ಳಿಹಾಕುವ ವಾಡಿಕೆ ಅನೇಕ ಮನೆಗಳಲ್ಲಿದೆ, ಅದು ಸರಿಯಲ್ಲ. ತೊಂದರೆ ತೀವ್ರವಾಗಿದ್ದಲ್ಲಿ ವೈದ್ಯರು ಎಸ್ಟ್ರೋಜೆನ್ ಅನ್ನು ಮಾತ್ರೆಯ ರೂಪದಲ್ಲಾಗಲಿ, ಚರ್ಮದ ಮೇಲಿನ ಅಂಟುಪಟ್ಟಿ ಅಥವಾ ಜೆಲ್‌ನ ರೂಪದಲ್ಲಾಗಲಿ ಕೊಡುತ್ತಾರೆ.

ನುಂಗಿದ ಮಾತ್ರೆಯು ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಅದರ ಬಹುಭಾಗವು ದುರ್ಬಲ ರೂಪಕ್ಕೆ ಬದಲಾಗುವುದಲ್ಲದೆ, ರಕ್ತ ಹೆಪ್ಪುಗಟ್ಟಿಸುವ ಅಂಶಗಳ ತಯಾರಿಕೆಯೂ ಹೆಚ್ಚುತ್ತದೆ. ಚರ್ಮದ ಮೂಲಕ ಒಳಸೇರುವ ಔಷಧಿಗೆ ಈ ಸುತ್ತು ಇಲ್ಲ. ಆದ್ದರಿಂದಲೇ 1 ಮಿಲಿಗ್ರಾಂ ಮಾತ್ರೆಯ ಕೆಲಸವನ್ನು ದಿನಕ್ಕೆ 50 ಮೈಕ್ರೋಗ್ರಾಂ, ಅಂದರೆ ಇಪ್ಪತ್ತನೆಯ ಒಂದು ಪಾಲು, ಬಿಡುಗಡೆ ಮಾಡುವ ಪಟ್ಟಿಯು ಸರಿಸುಮಾರಾಗಿ ನಿರ್ವಹಿಸುತ್ತದೆ. ಮಾತ್ರೆ ನುಂಗುವವರಲ್ಲಿ ಕಂಡುಬಂದ ಹೆಪ್ಪುಗಟ್ಟುವಿಕೆಯ ಅಪಾಯವು ಪಟ್ಟಿ, ಜೆಲ್ ಬಳಸುವವರಲ್ಲಿ ಕಾಣಲಿಲ್ಲವೆಂದು ಫ್ರಾನ್ಸಿನ ಅಧ್ಯಯನವೊಂದು 2003ರಲ್ಲಿ ವರದಿ ಮಾಡಿತು.

ಆದರೆ ಚರ್ಮವು ತೆರೆದ ಬಾಗಿಲಲ್ಲ. ಅದರ ಹೊರಪದರ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟೇ ದಪ್ಪವಿದ್ದರೂ ಗಟ್ಟಿಯಾದ ತಡೆ. ಸತ್ತ ಜೀವಕೋಶಗಳ ನಡುವಣ ಕೊಬ್ಬಿನ ಸಂದುಗಳಲ್ಲಿ ಹಾರ್ಮೋನು ಮೆಲ್ಲಮೆಲ್ಲನೆ ನುಸುಳಿ ರಕ್ತನಾಳಗಳನ್ನು ಸೇರಬೇಕು. ಜೆಲ್‌ನಲ್ಲಿರುವ ಹಾರ್ಮೋನಿನ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಒಳಸೇರುತ್ತದೆ. ಪೊಟ್ಟಣದ ಮೇಲಿನ ಅಂಕಿ ಕೇವಲ ಸರಾಸರಿ. ಒಂದೇ ಪ್ರಮಾಣದ ಪಟ್ಟಿ ಧರಿಸಿದ ಇಬ್ಬರ ರಕ್ತದಲ್ಲಿನ ಮಟ್ಟ ಹಲವು ಪಟ್ಟು ಭಿನ್ನವಾಗಿರಬಹುದು. ಒಬ್ಬರಿಗೆ ನಿದ್ರೆ ಮರಳಿದರೆ, ಇನ್ನೊಬ್ಬರಿಗೆ ಔಷಧಿಯೇ ವ್ಯರ್ಥವೆನಿಸಬಹುದು.

ಪಟ್ಟಿಯನ್ನು ಕೆಳಹೊಟ್ಟೆ ಅಥವಾ ಪೃಷ್ಠದ ಮೇಲೆ ಅಂಟಿಸಬೇಕು. ಸ್ತನದ ಮೇಲೆ ಎಂದಿಗೂ ಕೂಡದು. ಎಣ್ಣೆಸ್ನಾನದ ನಂತರದ ಜಿಡ್ಡು, ಪೌಡರು, ಮುಂಬಯಿ–ಚೆನ್ನೈಗಳ ಸೆಕೆಯ ಬೆವರು ಅದರ ಅಂಚನ್ನು ಎಬ್ಬಿಸುತ್ತವೆ. ಎದ್ದಷ್ಟು ಭಾಗದಿಂದ ಔಷಧಿ ಒಳಹೋಗದು. ಬಿಸಿನೀರಿನ ಚೀಲ ತಾಗಿಸಿದರೆ ಅಗತ್ಯಕ್ಕಿಂತ ಹೆಚ್ಚು ಒಳಹೋಗಬಹುದು. ಪ್ರತಿಸಲವೂ ಜಾಗ ಬದಲಿಸಬೇಕು. ಜೆಲ್ ಒಣಗುವ ತನಕ ಬಟ್ಟೆ ತಾಗಬಾರದು. ಸವರಿದ ಚರ್ಮ ಮಕ್ಕಳಿಗೆ ತಗಲಬಾರದು.

ಹೀಗಿದ್ದೂ ಕೆಲವು ವಾರಗಳಲ್ಲಿ ತೊಂದರೆ ತಗ್ಗದಿದ್ದರೆ, ತಾವಾಗಿಯೇ ಎರಡನೆಯ ಪಟ್ಟಿ ಅಂಟಿಸಿಕೊಳ್ಳದೆ ವೈದ್ಯರಿಗೆ ತಿಳಿಸುವುದು ಅಗತ್ಯ. ಅವರು ರಕ್ತಪರೀಕ್ಷೆ ಮಾಡಿಸಿ ಪ್ರಮಾಣವನ್ನಾಗಲಿ, ಔಷಧಿಯ ರೂಪವನ್ನಾಗಲಿ ಬದಲಿಸಬಹುದು. ಗರ್ಭಕೋಶವಿರುವವರಿಗೆ ಪ್ರೊಜೆಸ್ಟೋಜೆನ್ ಕೂಡ ಬೇಕು. ಇಲ್ಲದಿದ್ದರೆ ಗರ್ಭಕೋಶದ ಒಳಪೊರೆ ಬೆಳೆದು ಕ್ಯಾನ್ಸರಿಗೆ ಎಡೆಯಾದೀತು. ಸ್ತನ ಕ್ಯಾನ್ಸರ್, ಕಾರಣ ತಿಳಿಯದ ರಕ್ತಸ್ರಾವ, ಯಕೃತ್ತಿನ ಕಾಯಿಲೆ ಇದ್ದವರು ಮೊದಲೇ ಹೇಳಬೇಕು.

ತೆಗೆದ ಪಟ್ಟಿಯಲ್ಲಿ ಹಾರ್ಮೋನು ಇನ್ನೂ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಿಚಿ, ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು.