ಹೊರಡುವ ಮುಂಚಿನ ಲೆಕ್ಕ

ಯುದ್ಧವಿಮಾನದ ವಿಷಯ ಈ ಮುದುಕನಿಗೇನು ಗೊತ್ತು ಎಂದು ತಮಗೆ ಅನಿಸಬಹುದು. ನಾನು ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಕ್ಲಾರ್ಕನಾಗಿ ಸೇರಿ, ಕ್ಲಾರ್ಕನಾಗಿಯೇ ನಿವೃತ್ತನಾದವನು. ವಿಮಾನ ಹತ್ತಿದವನೂ ಅಲ್ಲ. ಆದರೆ ಒಂದು ವರ್ಷದಿಂದ ನಮ್ಮ ಮನೆಯ ಪಡಸಾಲೆಯಲ್ಲಿ ಯುದ್ಧ ನಡೆದಿದೆ. ಹಾರುವವನು ಹನ್ನೊಂದನೆಯ ಇಯತ್ತೆಯಲ್ಲಿ ಕಲಿಯುವ ಮೊಮ್ಮಗ. ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾರ ಜೊತೆ ಹೋಗಬೇಕೆಂದು ಬರೆದುಕೊಡುವವನು ನಾನು.

ಅದು ಕಂಪ್ಯೂಟರಿನ ಆಟ. ಹೆಸರು ಫಾಲ್ಕನ್ 4.0. ಅಮೆರಿಕದ ಮೈಕ್ರೋಪ್ರೋಸ್ ಕಂಪನಿ 1998ರ ಡಿಸೆಂಬರಿನಲ್ಲಿ ಹೊರತಂದದ್ದು. ಕೆಲವು ಹವ್ಯಾಸಿಗಳು ಅದನ್ನು ತಿದ್ದುತ್ತ, ಹೊಸದು ಸೇರಿಸುತ್ತ, ಬಿ.ಎಂ.ಎಸ್. ಎಂಬ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿಟ್ಟಿದ್ದಾರೆ. ವಿಮಾನ ಎಫ್-16. ಯುದ್ಧಭೂಮಿ ಕೊರಿಯಾ. ಉತ್ತರದವರಿಗೂ ದಕ್ಷಿಣದವರಿಗೂ ಮತ್ತೆ ಯುದ್ಧ ಬಿದ್ದರೆ ಹೇಗೆ ಎಂಬ ಕಲ್ಪನೆ.

ಬೇರೆ ಆಟಗಳಲ್ಲಿ ಸತ್ತರೆ ಮತ್ತೆ ಮೊದಲಿನಿಂದ ಆಡಬಹುದು. ಇಲ್ಲಿ ಹಾಗಲ್ಲ. ಇದರಲ್ಲಿ ಕ್ಯಾಂಪೇನ್ ಎಂಬುದೊಂದಿದೆ, ದಂಡಯಾತ್ರೆ ಎನ್ನೋಣ. ಅದು ತಾನಾಗಿಯೇ ನಡೆಯುತ್ತಿರುತ್ತದೆ. ಗಡಿಯಾರ ಬಿಟ್ಟು ನೀವು ಚಹ ಕುಡಿಯಲು ಎದ್ದರೆ, ಅಷ್ಟರಲ್ಲಿ ಶತ್ರುವಿನ ಟ್ಯಾಂಕುಗಳು ಮುಂದೆ ಬಂದಿರುತ್ತವೆ. ನಿಮ್ಮ ಸ್ಕ್ವಾಡ್ರನ್ನಿಗೆ ಕೊಟ್ಟ ವಿಮಾನಗಳು ಎಣಿಕೆಯವು, ಬಾಂಬುಗಳು ಎಣಿಕೆಯವು, ಪೈಲಟ್‌ಗಳದೂ ಒಂದು ಪಟ್ಟಿ. ಈ ದಿನ ಕಳೆದುಕೊಂಡ ವಿಮಾನ ನಾಳೆ ಬೆಳಿಗ್ಗೆ ಬೇಕೆಂದರೆ ಇಲ್ಲ. ನಿನ್ನೆಯ ಬಾಕಿ ಇಂದಿನ ಪುಟಕ್ಕೆ ಬರುತ್ತದೆ. ಇದನ್ನು ಕಂಡ ಮೇಲೆಯೇ ನನಗೆ ಈ ಆಟದಲ್ಲಿ ರುಚಿ ಹುಟ್ಟಿದ್ದು.

ಬ್ಯಾಂಕಿನವರಿಗೆ ಹಣ ಸಾಗಿಸುವ ಕೆಲಸ ಗೊತ್ತು. ಕರೆನ್ಸಿ ಚೆಸ್ಟಿನಿಂದ ಬೇರೆ ಶಾಖೆಗೆ ಪೆಟ್ಟಿಗೆ ಹೋಗಬೇಕಾದರೆ ಗಾಡಿ, ಬಂದೂಕಿನ ಗಾರ್ಡು, ಹೋಗುವ ದಾರಿ, ತಲುಪುವ ವೇಳೆ, ಎಲ್ಲವೂ ಮೊದಲೇ ನಿಶ್ಚಯವಾಗಬೇಕು. ವೈಮಾನಿಕ ದಾಳಿಯೂ ಹಾಗೆಯೇ. ಬಾಂಬು ಹೊತ್ತ ವಿಮಾನ ಒಂಟಿಯಾಗಿ ಹೋಗುವುದಿಲ್ಲ. ನಾಲ್ಕಾರು ತಂಡ ಸೇರಿ ಒಂದು ‘ಪ್ಯಾಕೇಜ್’ ಆಗುತ್ತದೆ. ಎದುರು ಬರುವ ಶತ್ರು ವಿಮಾನಗಳನ್ನು ತಡೆಯಲು ಒಂದು ತಂಡ, ನೆಲದ ಕ್ಷಿಪಣಿಗಳ ರೇಡಾರ್ ಅಡಗಿಸಲು ಒಂದು ತಂಡ, ಬಾಂಬು ಹಾಕಲು ಒಂದು ತಂಡ. ರೇಡಾರ್ ಅಡಗಿಸುವವರ ಬಳಿ ಹಾರ್ಮ್ ಎಂಬ ಕ್ಷಿಪಣಿ ಇರುತ್ತದೆ. ಶತ್ರುವಿನ ರೇಡಾರ್ ಬಿಡುವ ಅಲೆಯ ಜಾಡು ಹಿಡಿದು ಹೋಗಿ ಅದರ ಮೇಲೆಯೇ ಬೀಳುತ್ತದೆ. ಅದಕ್ಕೆ ಹೆದರಿ ಅವನು ರೇಡಾರ್ ಆರಿಸಿಕೊಂಡನೋ, ನಮಗೆ ಅದೂ ಲಾಭವೇ. ಆರಿಸಿದವನಿಗೆ ನಮ್ಮ ವಿಮಾನ ಕಾಣುವುದಿಲ್ಲ.

ಲೆಕ್ಕ ಮಾಡುವುದು ಹಿಂದಿನಿಂದ ಮುಂದಕ್ಕೆ. ಗುರಿಯ ಮೇಲೆ ಬೆಳಿಗ್ಗೆ 6 ಗಂಟೆಗೆ ಇರಬೇಕು ಎಂದಿಟ್ಟುಕೊಳ್ಳಿ. 480 ನಾಟ್ ವೇಗವೆಂದರೆ ನಿಮಿಷಕ್ಕೆ ಸುಮಾರು 15 ಕಿ.ಮೀ. ದಕ್ಷಿಣದ ಕುನ್ಸಾನ್ ನೆಲೆಯಿಂದ ಉತ್ತರದ ಪ್ಯೊಂಗ್ಯಾಂಗ್ ನೇರ ದಾರಿಯಲ್ಲಿ ಸುಮಾರು 350 ಕಿ.ಮೀ. ಆದರೆ ನೇರ ಹೋಗುವಂತಿಲ್ಲ. ಕ್ಷಿಪಣಿಗಳಿರುವ ಜಾಗ ಬಳಸಿಕೊಂಡು, ಗುಡ್ಡಗಳ ಮರೆ ಹಿಡಿದು ಹೋಗಬೇಕು. 420 ಕಿ.ಮೀ. ಆಯಿತೆನ್ನಿ. 28 ನಿಮಿಷ. ಅದಕ್ಕೆ ಎಲ್ಲ ತಂಡಗಳು ಆಕಾಶದಲ್ಲಿ ಒಂದುಗೂಡುವ ವೇಳೆ ಕೂಡಿಸಿ, ವಿಮಾನ ಓಡುದಾರಿಗೆ ಬರುವ ವೇಳೆ ಕೂಡಿಸಿ. ಆಮೇಲೆ ಎಣ್ಣೆಯ ಲೆಕ್ಕ. ಎಫ್-16ರ ಹೊಟ್ಟೆಯಲ್ಲಿ ಹಿಡಿಯುವುದು ಹೆಚ್ಚುಕಡಿಮೆ 3,200 ಕಿಲೋ. ರೆಕ್ಕೆಯ ಕೆಳಗೆ ಟಾಕಿ ಕಟ್ಟಬಹುದು. ಆದರೆ ಟಾಕಿ ಕಟ್ಟಿದ ಕಡೆ ಬಾಂಬು ಕಟ್ಟಲಾಗದು. ಇಷ್ಟು ಉಳಿದಾಗ ಏನೇ ಇರಲಿ ಮನೆಗೆ ಹೊರಡಲೇಬೇಕು ಎಂಬ ಅಂಕಿಗೆ ‘ಬಿಂಗೊ’ ಎನ್ನುತ್ತಾರೆ. ಪಗಾರದಲ್ಲಿ ಮನೆ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ.

ಗುರಿ ಪ್ಯೊಂಗ್ಯಾಂಗಿನಲ್ಲಿ ತೇದೊಂಗ್ ನದಿಯ ಮೇಲಿನ ಒಂದು ಸೇತುವೆ. ಸೇತುವೆ ಮುರಿದರೆ ದಕ್ಷಿಣಕ್ಕೆ ಬರುವ ಟ್ಯಾಂಕುಗಳ, ಸಾಮಾನಿನ ದಾರಿ ಕಟ್ಟಾಗುತ್ತದೆ. ನಾನು ಎರಡು ರಾತ್ರಿ ಕೂತು ತಯಾರಿಸಿದ ಯೋಜನೆ ಅದು. ವಹಿಯಲ್ಲಿ ಕೆಂಪು ಗೆರೆ ಹೊಡೆದು, ಪ್ರತಿ ತಂಡಕ್ಕೂ ಒಂದು ಸಾಲು. ಕಾಣಲು ಬಹಳ ಅಚ್ಚುಕಟ್ಟು. ಎಲ್ಲ ತಂಡಗಳ ಮುಂದೂ ಗುರಿಯ ವೇಳೆ 6 ಗಂಟೆ, 0 ನಿಮಿಷ. ಎಲ್ಲರೂ ಕೂಡಿಯೇ ಬರಲಿ ಎಂದು ನನ್ನ ಎಣಿಕೆ. ಗಾರ್ಡು ಪೆಟ್ಟಿಗೆಯ ಜೊತೆ ಬಂದರೆ ಸಾಲದು, ಮೊದಲೇ ಬಂದು ಬಾಗಿಲಲ್ಲಿ ನಿಂತಿರಬೇಕು ಎಂಬುದು ಇಷ್ಟು ವರ್ಷ ಬ್ಯಾಂಕಿನಲ್ಲಿ ಕಂಡವನಿಗೆ ಆ ರಾತ್ರಿ ಹೊಳೆಯಲಿಲ್ಲ. ರೇಡಾರ್ ಅಡಗಿಸುವವರು ಎರಡು ಮೂರು ನಿಮಿಷ ಮುಂಚೆ ಇರಬೇಕಿತ್ತು.

ಬಾಂಬಿನ ತಂಡ ನಾಲ್ಕು ವಿಮಾನ ಹೋಯಿತು. ಎರಡು ಬಂದವು. ಮೊಮ್ಮಗ ಕೊಡೆ ಬಿಚ್ಚಿಕೊಂಡು ಶತ್ರುವಿನ ನೆಲದಲ್ಲಿ ಇಳಿದ. ಪಟ್ಟಿಯಲ್ಲಿ ‘ಕಾಣೆ’ ಎಂದು ಬಂತು. ಸೇತುವೆ ಇದ್ದಂತೆಯೇ ಇತ್ತು.

“ಅಜ್ಜಾ, ನಿನ್ನ ಟೈಮು ತಪ್ಪ್ಯದ ನೋಡು,” ಅಂದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚಲೋ ಇತ್ತು.

ನನ್ನನ್ನು ಸಮಾಧಾನ ಮಾಡಲು ಅವನೇ ಒಂದು ನಿಜವಾದ ಸಂಗತಿ ತೆಗೆದು ತೋರಿಸಿದ. ಕೊಲ್ಲಿ ಯುದ್ಧದಲ್ಲಿ, 1991ರ ಜನವರಿ 19ರಂದು, ಅಮೆರಿಕದವರು ಹಾಡುಹಗಲೇ ಬಾಗ್ದಾದಿನ ಮೇಲೆ 70ಕ್ಕೂ ಹೆಚ್ಚು ವಿಮಾನಗಳ ದಾಳಿ ಕಳಿಸಿದರು. ಅದಕ್ಕೆ ‘ಪ್ಯಾಕೇಜ್ ಕ್ಯೂ’ ಎಂದು ಹೆಸರು. ರೇಡಾರ್ ಅಡಗಿಸುವ ವಿಮಾನಗಳು ಎಣ್ಣೆ ಸಾಲದೆ ಹಿಂತಿರುಗಿದವು, ಬಾಂಬಿನವರು ಇನ್ನೂ ಊರಿನ ಮೇಲೆಯೇ ಇದ್ದರು. ಎರಡು ಎಫ್-16 ಬಿದ್ದವು. ಇಬ್ಬರೂ ಪೈಲಟ್‌ಗಳು ಸೆರೆ ಸಿಕ್ಕರು. ಅಷ್ಟು ದೊಡ್ಡವರ ಲೆಕ್ಕವೇ ತಪ್ಪಿತ್ತು ಎಂಬುದು ಅವನ ಮಾತು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಅಲ್ಲಿ ಬಿದ್ದವರು ನಿಜವಾದ ಮನುಷ್ಯರು.

ಮೂರನೆಯ ದಿನ ಮತ್ತೆ ಕೂತೆವು. ಈ ಸಲ ರೇಡಾರ್ ತಂಡ 5 ಗಂಟೆ 57 ನಿಮಿಷಕ್ಕೆ. ಕಾವಲಿನವರು ಅದಕ್ಕೂ ಮುಂಚೆ. ಹೋದ ದಾರಿಯಲ್ಲಿ ಮರಳಿ ಬರಬಾರದೆಂದು ಪಶ್ಚಿಮಕ್ಕೆ, ಸಮುದ್ರದ ಮೇಲೆ ಹಾದಿ ಹಾಕಿದೆ. ನಾಲ್ಕೂ ವಿಮಾನ ಮರಳಿದವು. ಸೇತುವೆಯ ನಡುವಿನ ಭಾಗ ನೀರಿಗೆ ಬಿತ್ತು. ಹುಡುಗ ಕುರ್ಚಿಯಿಂದ ಎದ್ದು ಕುಣಿದ. ನಾನೂ ನಕ್ಕೆ; ಡೇಬುಕ್ ತಾಳೆಯಾದ ಸಂಜೆಯಂಥ ನಗು.

ಆ ನದಿಯ ಹೆಸರು ನನ್ನ ತಲೆಯಲ್ಲಿ ಉಳಿದಿತ್ತು. ಅದೇ ವಾರ ಒಂದು ಹಳೆಯ ಚಿತ್ರ ನೋಡಿದೆ. 1950ರ ಡಿಸೆಂಬರ್, ಪ್ಯೊಂಗ್ಯಾಂಗ್, ಅದೇ ತೇದೊಂಗ್ ನದಿ. ಅಸೋಸಿಯೇಟೆಡ್ ಪ್ರೆಸ್ಸಿನ ಮ್ಯಾಕ್ಸ್ ಡೆಸ್ಫರ್ ಎಂಬವರು ತೆಗೆದ ಫೋಟೋ, 1951ರಲ್ಲಿ ಪುಲಿಟ್ಜರ್ ಬಹುಮಾನ ಪಡೆದದ್ದು. ಮುರಿದು ತಿರುಚಿಕೊಂಡ ಕಬ್ಬಿಣದ ಸೇತುವೆ. ಅದರ ತೊಲೆತೊಲೆಗೂ ಮನುಷ್ಯರು, ಇರುವೆ ಹತ್ತಿದ ಹಾಗೆ. ಚಳಿಗಾಲದ ನೀರಿನ ಮೇಲೆ ಗಂಟುಮೂಟೆ ಹೊತ್ತು ತೆವಳುತ್ತ ದಕ್ಷಿಣದ ದಡಕ್ಕೆ ಹೊರಟವರು.

1953ರ ಕದನವಿರಾಮದ ನಂತರ ಆ ದೇಶದ ನಡುವೆ ಸುಮಾರು 250 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಪಟ್ಟಿಯೊಂದು ಬಿತ್ತು. ಇತ್ತ ಬಂದವರಲ್ಲಿ ಹೆಚ್ಚಿನವರು ಅತ್ತ ಉಳಿದ ತಾಯಿಯನ್ನು, ತಮ್ಮನನ್ನು ಮತ್ತೆ ಕಾಣಲಿಲ್ಲ. ನಾವೂ ಗಡಿಯವರೇ. ಆದರೆ ನಾವು ಅಕ್ಕಲಕೋಟೆಯಲ್ಲಿ ಎಸ್.ಟಿ. ಹತ್ತಿ, ಆಳಂದದಲ್ಲಿ ಬೀಗರ ಮದುವೆ ಉಂಡು, ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತೇವೆ. ಗಡಿ ಎಲ್ಲಿ ದಾಟಿತೆಂದು ಕಂಡಕ್ಟರನಿಗೆ ಮಾತ್ರ ಗೊತ್ತು.

ಚಿತ್ರವನ್ನು ಮೊಮ್ಮಗನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದ. “ಆಟದಾಗ ಸೇತುವೆ ಮ್ಯಾಲ ಮಂದಿ ಇರಂಗಿಲ್ಲಜ್ಜಾ,” ಅಂದ. ಹೌದು, ಇರುವುದಿಲ್ಲ. ನನ್ನ ವಹಿಯಲ್ಲಿಯೂ ಅವರಿಗೆ ಒಂದು ಸಾಲು ಇರಲಿಲ್ಲ.

ದಂಡಯಾತ್ರೆ ನಡೆದೇ ಇತ್ತು. ಕೆಲವು ದಿನಗಳ ಮೇಲೆ ನಕ್ಷೆಯಲ್ಲಿ ಆ ಸೇತುವೆ ದುರಸ್ತಿಯಾಗಿದೆ ಎಂದು ಬಂತು. ಮೊಮ್ಮಗ ನನ್ನ ಕಡೆ ನೋಡಿದ. ನಾನು ವಹಿ ತೆರೆದು, ಹ್ವಾಂಗ್ಜು ವಿಮಾನ ನೆಲೆಯ ಓಡುದಾರಿಯನ್ನು ಗುರಿಯೆಂದು ಬರೆದು, ಗುರಿಯ ವೇಳೆ ಹಾಕಿ, ಹಿಂದಿನಿಂದ ಲೆಕ್ಕ ಶುರುಮಾಡಿದೆ.