ಕಣ್ಣೀರೂ ಲೆಕ್ಕವೂ
(ಅಂಜನಾಪುರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



1964ರ ಮೇ 27ರಂದು ಜವಾಹರಲಾಲ್ ನೆಹರೂ ತೀರಿಕೊಂಡಾಗ ದೇಶವೇ ಅತ್ತಿತು. ಸ್ವಾತಂತ್ರ್ಯಕ್ಕಾಗಿ ವರ್ಷಗಟ್ಟಲೆ ಸೆರೆಮನೆ ಕಂಡವರು, ಸುಮಾರು 17 ವರ್ಷ ಪ್ರಧಾನಿಯಾಗಿದ್ದವರು. ಆ ಕಣ್ಣೀರು ಸುಳ್ಳಲ್ಲ. ವಿರೋಧಿಯ ಸಾವಿಗೆ ಹಿಗ್ಗುವುದು ಸಮಾಜವಾದಿಗಳಾದ ನಮಗೆ ಸಲ್ಲದು.

ಆದರೆ ಸತ್ತವರನ್ನು ದೇವರು ಮಾಡಿ, ಅವರೊಡನೆ ನಮ್ಮ ಪ್ರಶ್ನೆಗಳನ್ನೂ ಚಿತೆಗೆ ಹಾಕುವುದನ್ನು ನಾವು ಒಪ್ಪೆವು. 1951ರಲ್ಲಿ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿ ಜೈಲಿಗೆ ಹೋದಾಗ ದಿಲ್ಲಿಯಲ್ಲಿ ಆಳುತ್ತಿದ್ದವರು ಅವರೇ. 1963ರಲ್ಲಿ ಲೋಹಿಯಾ ಲೋಕಸಭೆಯಲ್ಲಿ ಕೋಟ್ಯಂತರ ಬಡವರ ದಿನದ ಗಳಿಕೆ ಮೂರಾಣೆಯೆಂದು ಲೆಕ್ಕವಿಟ್ಟರು. ಸರ್ಕಾರ ಹದಿನೈದಾಣೆಯೆಂದು ವಾದಿಸಿತು.

ಗೇಣಿದಾರನನ್ನು ಹೊಲದೊಡೆಯನನ್ನಾಗಿಸಿದ ಕಾನೂನು ಜಾರಿಯಾದದ್ದು 1974ರಲ್ಲಿ. ಅದನ್ನು ನೆಹರೂ ನೋಡಲಿಲ್ಲ. 1972ರಲ್ಲಿ ತೀರಿಕೊಂಡ ನಮ್ಮ ಶಾಂತವೇರಿ ಗೋಪಾಲಗೌಡರೂ ನೋಡಲಿಲ್ಲ.

ಹೋದವರಿಗೆ ಕೈಮುಗಿಯೋಣ. ಲೆಕ್ಕ ಕೇಳುವುದನ್ನು ಮಾತ್ರ ಬಿಡದಿರೋಣ.